ದಂಡೆಗೆ ಹತ್ತಿ ಬಂದ ಸಿಗಡಿ

ಮಾವಶಿ ಮಧ್ಯಾಹ್ನದ ಹೊತ್ತಿನಲ್ಲಿ ಫೋನು ಮಾಡುವವಳಲ್ಲ. ಆ ಹೊತ್ತಿಗೆ ನನ್ನ ಖಾನಾವಳಿಯಲ್ಲಿ ಉಸಿರಾಡಲೂ ಪುರುಸೊತ್ತಿರುವುದಿಲ್ಲ ಎಂಬುದು ಅವಳಿಗೆ ಗೊತ್ತು. ಹಾಗಾಗಿ ಆ ಬೇಸಿಗೆಯ ದಿನ ಅವಳ ಫೋನು ಬಂದಾಗ, ಊರಲ್ಲಿ ಯಾರೋ ತೀರಿಕೊಂಡಿರಬೇಕು ಎಂದುಕೊಂಡೆ. ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಫೋನು ಎತ್ತಿದೆ.

“ಏನ ಮಾಡಾಕತ್ತಿ?” ಎಂದಳು.

“ಬಡಸಾಕತ್ತೇನಿ. ಏನಾತು ಮಾವಶಿ?”

“ಇವತ್ತ ಸಿಗಡಿ ಮಾಡಿಯೇನ?”

“ಮಾಡೇನಲ್ಲ. ಯಾಕ?”

“ಬಡಸೂದ ನಿಂದರ್ಸು. ಈಗಿಂದೀಗ ನಿಂದರ್ಸು. ನಮ್ಮ ಮಡುವಿಗೆ ಯಾರೋ ಔಷಧಿ ಹಾಕ್ಯಾರ. ಹೊಲಕ್ಕ ಹೊಡ್ಯೂ ಔಷಧಿ. ಸತ್ತಿದ್ದನ್ನ ಚೀಲ ತುಂಬಿ ಬೆಳಗಾವಿ ಕಡೆ ಒಯ್ದಾರಂತ. ಮೀನ ಎಲ್ಲಾ ಹೊಟ್ಟಿ ಮ್ಯಾಲ ಮಾಡಿ ತೇಲಾಕತ್ತಾವ. ಸಿಗಡಿ ನೀರ ಬಿಟ್ಟು ದಂಡಿಗೆ ಹತ್ತಿ ಬಂದಾವ. ಕಲ್ಲಿನ ಮ್ಯಾಲ, ಬೇರಿನ ಮ್ಯಾಲ, ನಾ ಒಗ್ಯಾಕ ಇಟ್ಟ ಸೀರಿ ಮ್ಯಾಲ. ಕಾಲ ಇಡಾಕ ಜಾಗಾ ಇಲ್ಲ.”

ನನ್ನ ಎದುರಿಗೆ ಒಲೆಯ ಮೇಲೆ ಸಿಗಡಿಯ ಕಡಾಯಿ ಇನ್ನೂ ಸಣ್ಣಗೆ ಕುದಿಯುತ್ತಿತ್ತು. ಅದರ ತಳದಲ್ಲಿ ಒಂದೆರಡು ಸೌಟಿನಷ್ಟೇ ಉಳಿದಿತ್ತು. ಉಳಿದದ್ದೆಲ್ಲ ಜನರ ಹೊಟ್ಟೆ ಸೇರಿ ಆಗಿತ್ತು.

ಮಾವಶಿ ಎಂದರೆ ನನ್ನ ತಾಯಿಯ ತಂಗಿ. ಖಾನಾಪುರದಿಂದ ಪಶ್ಚಿಮಕ್ಕೆ, ಕಾಡಿನ ಅಂಚಿಗಿರುವ ಸಣ್ಣ ಊರಿನಲ್ಲಿ ಅವಳ ಮನೆ. ನನ್ನ ಅವ್ವ ಬೇಗ ಹೋದ ಮೇಲೆ ನನ್ನನ್ನು ಬೆಳೆಸಿದ್ದು ಅವಳೇ. ಊರ ಕೆಳಗೆ ಒಂದು ಹಳ್ಳ ಹರಿಯುತ್ತದೆ. ಮುಂದೆ ಹೋಗಿ ಮಲಪ್ರಭೆಯನ್ನು ಕೂಡುತ್ತದೆ. ಮಳೆಗಾಲದಲ್ಲಿ ಆ ಹಳ್ಳದ ಓಟಕ್ಕೆ ಅಡ್ಡಲಾಗಿ ಬಿದಿರಿನ ಕೂಳಿ ಇಟ್ಟರೆ, ಬೆಳಗಾಗುವಷ್ಟರಲ್ಲಿ ಅದರೊಳಗೆ ಸಿಗಡಿ ಚಿಟಪಟ ಅನ್ನುತ್ತಿದ್ದವು. ಬೇಸಿಗೆಯಲ್ಲಿ ನೀರು ಇಳಿದು ಹಳ್ಳ ಅಲ್ಲಲ್ಲಿ ಮಡುವಾಗಿ ನಿಂತಾಗ ಯಾರೂ ಹಿಡಿಯುತ್ತಿರಲಿಲ್ಲ. ಹಿಡಿಯಬಾರದು ಎಂದು ಯಾರೂ ಹೇಳಿದ್ದಿಲ್ಲ. ಆ ದಿನಗಳಲ್ಲಿ ಹಿಡಿಯುವುದೆಂದರೆ ಮನೆಯ ಬೀಜದ ಜೋಳವನ್ನು ಬೀಸಿದ ಹಾಗೆ ಅನ್ನಿಸುತ್ತಿತ್ತೋ ಏನೋ.

ಮದುವೆಯಾಗಿ ಬೆಳಗಾವಿಗೆ ಬಂದ ಮೇಲೆ ನಾನು ಶಹಾಪುರದ ಓಣಿಯೊಂದರಲ್ಲಿ ಸಣ್ಣ ಖಾನಾವಳಿ ಇಟ್ಟೆ. ಗಂಡ ಫೌಂಡ್ರಿಯಲ್ಲಿ ಕೆಲಸಕ್ಕೆ ಹೋಗುತ್ತಾನೆ. ಜಾಗ ಕೊಟ್ಟ ಮಾಲಕರ ಮನೆಯವರು ಬಸವಣ್ಣನವರನ್ನು ನಂಬಿದವರು, ಮೀನು ಮಾಂಸ ಮುಟ್ಟದವರು. ಹಿತ್ತಲಿನ ಕಡೆ ಬೇರೆ ಬಾಗಿಲಿದ್ದ ತಗಡು ಹೊದಿಸಿದ ಪತ್ರಾಸಿನ ಕೋಣೆಯನ್ನು ಕೊಡುವಾಗ ಮಾಲಕರ ತಾಯಿ, ನಾವೆಲ್ಲ ಅಜ್ಜಿ ಎಂದು ಕರೆಯುವವರು, ಒಂದೇ ಮಾತು ಹೇಳಿದ್ದರು: “ವಾಸನಿ ನಮ್ಮ ದೇವರ ಮನಿತನಕ ಬರಬಾರದ ನೋಡವಾ, ಅಷ್ಟ.” ಅಷ್ಟು ವರ್ಷಗಳಲ್ಲಿ ಅವರು ನನ್ನ ಅಡುಗೆಮನೆಯ ಹೊಸ್ತಿಲು ದಾಟಿರಲಿಲ್ಲ.

ಸಿಗಡಿ ನನ್ನ ಖಾನಾವಳಿಗೆ ಹೆಸರು ತಂದದ್ದು ಇತ್ತೀಚೆಗೆ. ಕೆರೆ ಕಟ್ಟಿ ಸಾಕಿದ ಸಿಗಡಿಗೆ ಏನೇನೋ ಔಷಧಿ ಹಾಕುತ್ತಾರೆಂಬ ವಿಡಿಯೋಗಳು ಎಲ್ಲರ ಮೊಬೈಲಿನಲ್ಲೂ ಓಡಾಡಿದ ಮೇಲೆ, ಬಂದವರೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದರು: “ಜಂಗಲಿದು ಐತೇನ್ರಿ? ಸಾಕಿದ್ದಲ್ಲ ಹೌದಲ್ಲೋ?” ಹೊಳೆಯದ್ದು, ಖಾನಾಪುರದ ಕಾಡಿನದ್ದು ಅಂದರೆ ಅವರ ಮುಖ ಅರಳುತ್ತಿತ್ತು. ತಾನಾಗಿ ಬೆಳೆದದ್ದು ಶುದ್ಧ, ಅದನ್ನು ತಿಂದರೆ ಯಾರಿಗೂ ಕೇಡಿಲ್ಲ ಎಂದು ಅವರೂ ನಂಬಿದ್ದರು, ನಾನೂ ನಂಬಿದ್ದೆ. ಮಳೆಗಾಲದಲ್ಲಿ ಮಾವಶಿ ಕಳಿಸಿದ್ದು ಸಾಲದಾದಾಗ, ಖಾನಾಪುರದಿಂದ ಮೋಟಾರ್ ಸೈಕಲ್ಲಿನ ಮೇಲೆ ಹೊಳೆಮೀನು ತರುವ ಒಬ್ಬನನ್ನು ಗೊತ್ತು ಮಾಡಿಕೊಂಡಿದ್ದೆ. ಆ ದಿನ ಬೆಳಿಗ್ಗೆ ಅವನು ಚೀಲದ ತುಂಬ ಸಿಗಡಿ ತಂದಿದ್ದ. ಬೇಸಿಗೆಯಲ್ಲಿ ಇಷ್ಟೊಂದು ಎಲ್ಲಿಂದ ಎಂದು ಕೇಳಿದ್ದಕ್ಕೆ, “ದೊಡ್ಡ ಮಡು ಸಿಕ್ಕೈತ್ರಿ ವೈನಿ,” ಎಂದು ನಕ್ಕು ಹೋಗಿದ್ದ.

ಫೋನು ಕೆಳಗಿಟ್ಟವಳೇ ಮೊದಲು ಒಲೆ ಆರಿಸಿದೆ. ಊಟಕ್ಕೆ ಕುಳಿತಿದ್ದವರ ಮುಂದಿನಿಂದ ತಾಟುಗಳನ್ನು ಎಳೆದುಕೊಂಡೆ. “ಉಣಬ್ಯಾಡ್ರಿ, ಸಿಗಡಿ ಕೆಟ್ಟೈತಿ, ಕೈ ತೊಳಕೊಳ್ರಿ,” ಅಂದದ್ದಷ್ಟೇ ನೆನಪು. ಒಬ್ಬನಂತೂ ಬಾಯಿಗೆ ಹೋಗುತ್ತಿದ್ದ ತುತ್ತನ್ನು ಹಾಗೇ ಹಿಡಿದುಕೊಂಡು, ನನಗೆ ಹುಚ್ಚು ಹಿಡಿದಿದೆಯೇ ಎಂಬಂತೆ ನೋಡಿದ. ಏನಾಗಿದೆ ಎಂದು ಬಿಡಿಸಿ ಹೇಳಿದೆ. ಹೇಳುತ್ತಿರುವಾಗಲೇ ಅವರ ಮುಖಗಳು ಒಂದೊಂದಾಗಿ ಬಣ್ಣ ಕಳೆದುಕೊಂಡವು. ಒಬ್ಬಾತ ಹೊರಗೆ ಓಡಿ ಗಟಾರದ ಹತ್ತಿರ ಕುಳಿತು ಗಂಟಲಿಗೆ ಬೆರಳು ಹಾಕಿಕೊಂಡ. ಎಲ್ಲರೂ ಆಸ್ಪತ್ರೆಗೆ ಹೋಗಿ ತೋರಿಸಿಕೊಳ್ಳಿ ಎಂದು ಕೈ ಮುಗಿದೆ.

ಆಗಲೇ ಉಂಡು ಹೋದವರ ನೆನಪಾಯಿತು. ಆಮೇಲೆ ನನ್ನ ಮಗಳ ನೆನಪು. ಬೆಳಿಗ್ಗೆ ಅವಳ ಡಬ್ಬಿಗೆ ನಾನೇ ಸಿಗಡಿ ಹಾಕಿದ್ದೆ. ಮೊದಲು ಬೇಯಿಸಿದ್ದರಿಂದಲೇ ತೆಗೆದು, ಎಣ್ಣೆ ಬಿಟ್ಟುಕೊಂಡ ಮೇಲಿನ ಮಸಾಲೆಯ ಸಮೇತ, ಅವಳಿಗೆ ಇಷ್ಟವೆಂದು.

ಅವಳಿಗೆ ಫೋನು ಹಚ್ಚಿದೆ. ಬಾರಿಸಿ ಬಾರಿಸಿ ನಿಂತಿತು. ಮತ್ತೆ ಹಚ್ಚಿದೆ. ಅವಳು ಟಿಳಕವಾಡಿಯ ಕಡೆಯ ಕಾಲೇಜೊಂದರಲ್ಲಿ ಓದುತ್ತಿದ್ದಳು; ಪ್ರಾಕ್ಟಿಕಲ್ ಇದ್ದ ದಿನ ಫೋನು ಚೀಲದಲ್ಲೇ ಇರುತ್ತದೆ. ಗಂಡನಿಗೂ ಹಚ್ಚಿದೆ; ಫೌಂಡ್ರಿಯ ಸದ್ದಿನಲ್ಲಿ ಅವನೂ ಎತ್ತಲಿಲ್ಲ. ಗದ್ದಲ ಕೇಳಿ ಅಜ್ಜಿ ಹಿತ್ತಲಿಗೆ ಬಂದಿದ್ದರು. ನಾನು ತೊದಲುತ್ತ ಹೇಳಿದ್ದನ್ನು ಕೇಳಿ, ಒಂದು ಗಳಿಗೆಯೂ ತಡಮಾಡದೆ ಅಡುಗೆಮನೆಯ ಒಳಗೆ ಕಾಲಿಟ್ಟು, ಕಡಾಯಿಯ ಪಕ್ಕದಲ್ಲೇ ಮಣೆ ಎಳೆದುಕೊಂಡು ಕುಳಿತರು.

“ನೀ ಮಗಳ ಕಡೆ ಹೋಗು. ಯಾರರ ಉಣ್ಣಾಕ ಬಂದ್ರ ನಾ ಹೊಳ್ಳಿಸಿ ಕಳಸ್ತೇನಿ. ಉಂಡು ಹೋದವ್ರ ಮನಿ ಯಾವ್ಯಾವು ಹೇಳು, ಮಂದೀನ ಕಳಸ್ತೇನಿ.”

“ಮಗ್ಗದ ಕಾಕಾ ಮೊದಲ ಉಂಡು ಹೋಗ್ಯಾರ್ರಿ ಅಜ್ಜಿ. ಎರಡ ಸಲ ಹಾಕಿಸ್ಕೊಂಡ್ರು.”

“ಹೋಗವಾ ನೀ. ಲಗೂನ ಹೋಗು.”

ಆಟೋದಲ್ಲಿ ಕುಳಿತ ಮೇಲೆ ನನ್ನ ನಾಲಿಗೆಯ ತುದಿ ಜುಮುಜುಮು ಅನ್ನತೊಡಗಿತು. ಉಪ್ಪು ನೋಡಲೆಂದು ನಾನೂ ಒಂದು ಚಮಚ ರಸ ಬಾಯಿಗೆ ಹಾಕಿಕೊಂಡಿದ್ದೆ. ತುಟಿ ಮರಗಟ್ಟಿದೆಯೇ? ಚಿವುಟಿ ನೋಡಿಕೊಂಡೆ. ಎದೆ ಬಡಿದುಕೊಳ್ಳುತ್ತಿರುವುದು ಹೆದರಿಕೆಗೋ, ಔಷಧಿಗೋ? ಬೆನ್ನು ಬೆವರಿನಿಂದ ತೊಯ್ದಿತ್ತು, ಆದರೆ ಬೇಸಿಗೆಯಲ್ಲಿ ಯಾರ ಬೆನ್ನು ತೊಯ್ದಿರುವುದಿಲ್ಲ? ನನ್ನ ಮೈಯನ್ನೇ ನಂಬಲಾರದ ಹಾಗಾಗಿತ್ತು. ಟಿಳಕವಾಡಿಯ ರೈಲ್ವೆ ಗೇಟು ಬಿದ್ದಿತ್ತು. ಖಾನಾಪುರದ ಕಡೆಗೆ ಗೂಡ್ಸ್ ಗಾಡಿಯೊಂದು ಹೋಗುತ್ತಿತ್ತು, ಡಬ್ಬಿಯ ಹಿಂದೆ ಡಬ್ಬಿ, ಮುಗಿಯುವಂತೆಯೇ ಕಾಣಲಿಲ್ಲ. ನಾನು ಆಟೋದಿಂದ ಇಳಿದು ಗೇಟಿನ ಕಂಬಿ ಹಿಡಿದು ನಿಂತೆ. ಆಟೋದವನು, “ಏನಾತ್ರಿ ಅಕ್ಕಾರ? ಆರಾಮ ಇಲ್ಲೇನು?” ಎಂದು ಕೇಳಿದ. ಗೇಟು ಎದ್ದೊಡನೆ ಓಡಿ ಬಂದು ಒಳಗೆ ಕುಳಿತೆ.

ಕಾಲೇಜಿನ ಬಾಗಿಲಲ್ಲಿದ್ದವರಿಗೆ ಮನೆಯಲ್ಲಿ ಯಾರಿಗೋ ಹುಷಾರಿಲ್ಲ ಎಂದು ಹೇಳಿ ಮಗಳನ್ನು ಕರೆಸಿದೆ. ಉದ್ದನೆಯ ವರಾಂಡದ ಆ ತುದಿಯಿಂದ ಅವಳು ಬಿಳಿ ಕೋಟು ಹಾಕಿಕೊಂಡು ನಡೆದು ಬಂದಳು. ಅವಳ ನಡಿಗೆಯನ್ನೇ ನೋಡುತ್ತಿದ್ದೆ. ತೂರಾಡುತ್ತಿದ್ದಾಳೆಯೇ? ಕಾಲು ಎಳೆಯುತ್ತಿದ್ದಾಳೆಯೇ?

“ಡಬ್ಬಿ ಉಂಡ್ಯಾ?” ಎಂದೆ, ಬೇರೆ ಏನೂ ಹೇಳದೆ.

“ಉಂಡ್ನಿ. ಅಗದಿ ಚಲೋ ಆಗಿತ್ತು. ಯಾಕವ್ವಾ? ಅಪ್ಪಗ ಏನರ ಆತೇನು?”

“ನೀ ಒಬ್ಬಾಕೀನ ಉಂಡ್ಯಾ?”

“ಇಲ್ಲ, ನನ್ನ ಗೆಳತಿಗೂ ಕೊಟ್ನಿ. ಆಕಿನ ಜಾಸ್ತಿ ತಿಂದ್ಳು.”

ನನ್ನ ಮಗಳ ಹೊಟ್ಟೆಯ ಜೊತೆ ಇನ್ನೊಬ್ಬ ತಾಯಿಯ ಮಗಳ ಹೊಟ್ಟೆಯೂ ಸೇರಿಕೊಂಡಿತ್ತು. ಆ ಹುಡುಗಿಯನ್ನೂ ಕರೆಸಿ ಇಬ್ಬರಿಗೂ ಹೇಳಿದೆ. ಗೆಳತಿ ಮೊದಲು ನಕ್ಕಳು, ಆಮೇಲೆ ನನ್ನ ಮುಖ ನೋಡಿ ಅಳತೊಡಗಿದಳು. ಮಗಳು ಅಳಲಿಲ್ಲ. ನನ್ನ ಮುಂಗೈ ಗಟ್ಟಿಯಾಗಿ ಹಿಡಿದು, “ನಡಿ, ದವಾಖಾನಿಗೆ ಹೋಗೂಣು,” ಅಂದಳು.

ದಾರಿಯಲ್ಲೇ ಅಜ್ಜಿಯ ಫೋನು ಬಂತು. ಮಗ್ಗದ ಕಾಕಾ ಕೆಲಸದ ನಡುವೆಯೇ ಕುಸಿದು ಬಿದ್ದಿದ್ದರು. ವಾಂತಿ ನಿಲ್ಲುತ್ತಿರಲಿಲ್ಲ. ಅಜ್ಜಿ ಹೇಳಿ ಕಳಿಸಿದ ಮೇಲೆ ನನ್ನ ಗಂಡ ಫೌಂಡ್ರಿಯಿಂದ ಬಂದು, ಬೇರೆಯವರ ಜೊತೆಗೂಡಿ ಅವರನ್ನು ದೊಡ್ಡ ದವಾಖಾನೆಗೆ ಒಯ್ದಿದ್ದ. ನಾವೂ ಅಲ್ಲಿಗೇ ಹೋದೆವು.

ಕಾಕಾ ನಮ್ಮ ಓಣಿಯ ಪವರ್‌ಲೂಮಿನಲ್ಲಿ ಸೀರೆ ನೇಯುವವರು. ಮಗ್ಗದ ಸದ್ದಿನಲ್ಲಿ ಕಿವಿ ಮಂದವಾಗಿ, ಎಲ್ಲರೊಡನೆಯೂ ಕೂಗಿ ಮಾತಾಡುವ ಅಭ್ಯಾಸ. ಸಿಗಡಿಯ ದಿನ ಎಲ್ಲರಿಗಿಂತ ಮೊದಲು ಬರುತ್ತಿದ್ದರು. ಬೇರೆಯವರು ತಲೆ ಕಿತ್ತು ಬಾಜೂಕಿಡುತ್ತಿದ್ದರೆ, ಕಾಕಾ, “ರುಚಿ ಇರೂದ ತಲಿಯೊಳಗ,” ಎಂದು ಕೂಗುತ್ತ ಉಳಿದ ತಲೆಗಳನ್ನೆಲ್ಲ ಬೇರೆ ಹುರಿಸಿಕೊಂಡು ಅಗಿಯುತ್ತಿದ್ದರು. ಆ ದಿನವೂ ಹುರಿದುಕೊಟ್ಟಿದ್ದೆ. ಈಗ ಅವರು ಮಂಚದ ಮೇಲೆ ಬಾಯಿಯಿಂದ ಜೊಲ್ಲು ಸುರಿಸುತ್ತ, ನೀರಿನಿಂದ ಎದ್ದು ಬಂದವರಂತೆ ಬೆವೆತು ಮಲಗಿದ್ದರು. ಯಾವಾಗಲೂ ಕೂಗುವ ಮನುಷ್ಯನ ಬಾಯಿಂದ ಒಂದು ಶಬ್ದವೂ ಇರಲಿಲ್ಲ.

ಡಾಕ್ಟರು ವಯಸ್ಸಿನಲ್ಲಿ ಚಿಕ್ಕವರು, ಹೆಣ್ಣುಮಗಳು. ಕಾಕಾನ ಕಣ್ಣಿಗೆ ಬ್ಯಾಟರಿ ಬಿಟ್ಟು ನೋಡಿ, ಪಾಪೆ ಸೂಜಿಯ ಮೊನೆಯಷ್ಟಾಗಿದೆ ಎಂದು ನರ್ಸಿಗೆ ಹೇಳಿದರು. ಏನು ತಿಂದಿದ್ದರು, ಎಷ್ಟು ತಿಂದಿದ್ದರು, ಯಾವಾಗ ತಿಂದಿದ್ದರು ಎಂದು ನನ್ನನ್ನು ಒಂದಾದ ಮೇಲೊಂದು ಕೇಳಿದರು. ಮಾವಶಿ ಹೇಳಿದ್ದೆಲ್ಲ ಹೇಳಿದೆ. ತಲೆಗಳ ಸಂಗತಿಯನ್ನೂ ಹೇಳಿದೆ.

“ಚಲೋ ಮಾಡಿದ್ರಿ ಹೇಳಿದ್ದು,” ಅಂದರು. “ಗೊತ್ತಿಲ್ದ ಬಂದಿದ್ರ ನಮಗ ಹುಡುಕಾಕ ಹೊತ್ತ ಹೋಗ್ತಿತ್ತು. ಉಳಿದ ಸಿಗಡಿ ಅದಾವೇನು? ತರಸ್ರಿ. ಯಾರೂ ಬರಿಗೈಲೆ ಮುಟ್ಟಬ್ಯಾಡ್ರಿ.”

ಕಾಕಾನಿಗೆ ಇಂಜೆಕ್ಷನ್ನಿನ ಮೇಲೆ ಇಂಜೆಕ್ಷನ್ ಕೊಟ್ಟರು. ಮಗಳನ್ನೂ ಅವಳ ಗೆಳತಿಯನ್ನೂ ನನ್ನನ್ನೂ ಪಕ್ಕದ ಕೋಣೆಯಲ್ಲಿ ಕೂರಿಸಿ, ಆಗಾಗ ಬಂದು ಕಣ್ಣು ನೋಡಿ ನಾಡಿ ಹಿಡಿದು ಹೋಗುತ್ತಿದ್ದರು. ಗೆಳತಿಯ ತಾಯಿ ತಂದೆ ಓಡಿ ಬಂದರು. ಆ ತಾಯಿ ಮಗಳನ್ನು ತಬ್ಬಿಕೊಂಡು ನನ್ನ ಕಡೆಗೆ ಬೆನ್ನು ತಿರುಗಿಸಿ ಕುಳಿತಳು. ಕಾಕಾನ ಹೆಂಡತಿ ಮಾತ್ರ ನೇರವಾಗಿ ನನ್ನ ಮುಂದೆ ಬಂದು ನಿಂತಳು.

“ಏನ ಹಾಕಿದಿ ಅದರಾಗ?” ಎಂದಳು. ಕೂಗಲಿಲ್ಲ. ಮೆಲ್ಲಗೆ ಕೇಳಿದಳು. ಅದಕ್ಕೇ ಹೆಚ್ಚು ಹೆದರಿಕೆಯಾಯಿತು.

“ನಾ ಏನೂ ಹಾಕಿಲ್ಲ ಕಾಕೂ. ಹೊಳ್ಯಾಗ ಹಾಕ್ಯಾರ. ನನ್ನ ಮಗಳೂ ಅದನ್ನ ಉಂಡಾಳ. ಇಲ್ಲೇ ಕುಂತಾಳ ನೋಡ್ರಿ.”

ಅವಳು ನನ್ನ ಮಗಳನ್ನು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ನನ್ನ ಬಾಜುವಿನಲ್ಲೇ ಕುಸಿದು ಕುಳಿತಳು. ಸಂಜೆಯ ಬೆಳಕು ಕಿಟಕಿಯಿಂದ ಸರಿಯುವವರೆಗೂ ನಾವಿಬ್ಬರೂ ಹಾಗೇ ಕುಳಿತಿದ್ದೆವು. ಮಗಳು ಆಕಳಿಸಿದರೆ ನನ್ನ ಎದೆ ನಿಲ್ಲುತ್ತಿತ್ತು. ನೀರು ಬೇಕು ಅಂದರೆ, ಬಾಯಿ ಯಾಕೆ ಒಣಗಿತು ಎಂದು ಹೆದರುತ್ತಿದ್ದೆ. ಅವಳಿಗೇ ಸಾಕಾಗಿ, “ಅವ್ವಾ, ನನ್ನ ಹಂಗ ನೋಡಬ್ಯಾಡ. ನೀ ನೋಡಿದ್ರ ನನಗ ಹೊಟ್ಟಿ ತೊಳಸತೈತಿ,” ಅಂದಳು.

ಹೊತ್ತು ಮುಳುಗುವ ಮುಂಚೆ ಡಾಕ್ಟರು ಬಂದು, ಕಾಕಾನ ಪಾಪೆ ಹಿಗ್ಗತೊಡಗಿದೆ, ಉಸಿರು ಸರಿಯಾಗುತ್ತಿದೆ ಎಂದರು. ಹುಡುಗಿಯರಿಗೆ ಏನೂ ಆಗಿರಲಿಲ್ಲ. ತಲೆ ತಿಂದಿರಲಿಲ್ಲ, ಅದೇ ಉಳಿಸಿರಬಹುದು ಎಂದರು. “ಖಾತ್ರಿ ಹೇಳಾಕ ಬರೂದಿಲ್ಲ,” ಎಂದೂ ಸೇರಿಸಿದರು. ಬೇರೆ ಉಂಡವರಲ್ಲಿ ಒಬ್ಬಿಬ್ಬರಿಗೆ ಹೊಟ್ಟೆ ಕೆಟ್ಟಿತ್ತು, ಅಷ್ಟೇ. ಚೀಲದಲ್ಲಿ ಉಳಿದಿದ್ದ, ಗಂಡ ಸ್ಟೀಲಿನ ಡಬ್ಬಿಯಲ್ಲಿ ತಂದ ಹಸಿ ಸಿಗಡಿಯನ್ನು ದವಾಖಾನೆಯವರು ಪರೀಕ್ಷೆಗೆಂದು ಒಯ್ದರು. ಪೊಲೀಸರು ಬಂದು ನನ್ನ ಹೇಳಿಕೆ ಬರೆದುಕೊಂಡರು. ಪರೀಕ್ಷೆಯಲ್ಲಿ ಏನು ಬಂತೆಂದು ಕೊನೆಗೂ ನನಗೆ ಯಾರೂ ಹೇಳಲಿಲ್ಲ. ಎರಡು ಸಲ ಕೇಳಿಕೊಂಡು ಹೋದೆ, ಆಮೇಲೆ ಬಿಟ್ಟೆ.

ಕಾಕಾ ಮನೆಗೆ ಮರಳಿದ ಮೇಲೆ ನಾನು ಮಗಳನ್ನು ಕರೆದುಕೊಂಡು ಮಾವಶಿಯ ಊರಿಗೆ ಹೋದೆ. ಖಾನಾಪುರದ ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ಚಹಾದಂಗಡಿಯ ಮುಂದೆ ಆ ಮೋಟಾರ್ ಸೈಕಲ್ಲಿನವನು ಕಣ್ಣಿಗೆ ಬಿದ್ದ. ನನ್ನನ್ನು ನೋಡಿ ಎದ್ದು ಹೋಗಲು ನೋಡಿದ, ಆಮೇಲೆ ನಿಂತ. ಅವನನ್ನು ಬಯ್ಯಬೇಕೆಂದು ಹಲವು ದಿನಗಳಿಂದ ಮಾತು ಜೋಡಿಸಿಟ್ಟುಕೊಂಡಿದ್ದೆ. ಹತ್ತಿರ ಹೋದಾಗ ಅವನ ಕಣ್ಣು ಗುಳಿ ಬಿದ್ದಿದ್ದವು.

“ಔಷಧಿ ನಾ ಹಾಕಿಲ್ರಿ ವೈನಿ, ಮಕ್ಕಳಾಣಿ,” ಅಂದ. “ಯಾರೋ ಇಬ್ಬರು ಬಂದು ಚೀಲ ಕೊಟ್ರು. ಬ್ಯಾಸಿಗ್ಯಾಗ ಇಷ್ಟ್ಯಾಕ ಸಿಕ್ಕಾವ ಅಂತ ನಾನೂ ಕೇಳ್ಲಿಲ್ಲ. ನನ್ನ ಮನ್ಯಾಗೂ ಅದನ್ನ ಮಾಡಿದ್ವಿ. ನನ್ನ ಸಣ್ಣ ಮಗಳು ತಿಂದು ಮಲಗಿದ್ಳು. ಸುದ್ದಿ ಗೊತ್ತಾದ ಮ್ಯಾಲ ಆಕೀನ ಎಬ್ಬಸಾಕ ಹೋದ್ರ, ಏಳತಾಳೋ ಇಲ್ಲೋ ಅಂತ ಕೈ ಮುಂದ ಹೋಗವಲ್ದು.”

“ಎದ್ಳಾ?”

“ಎದ್ಳ್ರಿ. ದೇವರ ದಯಾ.” ಸ್ವಲ್ಪ ತಡೆದು, “ಎಲ್ಲಾರಿಗೂ ಜಂಗಲಿದ ಬೇಕ್ರಿ. ಹೊಟೇಲಿನವ್ರು, ರಿಸಾರ್ಟಿನವ್ರು, ನೀವೂ. ಮಳಿಗಾಲದಾಗ ಬೇಕು, ಬ್ಯಾಸಿಗ್ಯಾಗೂ ಬೇಕು. ಹೊಳಿ ಎಷ್ಟ ಅಂತ ಕೊಡ್ತೈತಿ?” ಅಂದ.

ಜೋಡಿಸಿಟ್ಟ ಬಯ್ಗುಳ ಬಿಟ್ಟು, ಮಗಳ ಕೈ ಹಿಡಿದು ಊರಿನ ಬಸ್ಸಿನ ಕಡೆ ನಡೆದೆ.

ಮಾವಶಿಯ ಎರಡೂ ಅಂಗೈಗಳ ಚರ್ಮ ಸುಲಿದಿತ್ತು. ಆ ಬೆಳಿಗ್ಗೆ ದಂಡೆಗೆ ಹತ್ತಿ ಬಂದ ಸಿಗಡಿಗಳನ್ನು ಕಂಡಾಗ, ನೀರಿಲ್ಲದೆ ಸಾಯುತ್ತವೆ ಎಂದುಕೊಂಡು, ಬೊಗಸೆಯಲ್ಲಿ ತುಂಬಿ ತುಂಬಿ ಮತ್ತೆ ಮಡುವಿಗೇ ಬಿಟ್ಟಿದ್ದಳಂತೆ. “ಬಿಟ್ರ ಮತ್ತ ಹತ್ತಿ ಬರತಿದ್ವು,” ಅಂದಳು. “ನಾ ಮತ್ತ ಬಿಡತಿದ್ನಿ. ನೀರ ಕಂಡ್ರ ಅವಕ್ಕ ಅಂಜಿಕಿ ಆಗೇತಿ ಅಂತ ನನಗ ಹೆಂಗ ತಿಳೀಬೇಕು? ನನ್ನ ಕೈಯಾರೆ ವಿಷದಾಗ ಹಾಕಿದ್ನಿ.” ಹೇಳುತ್ತ ಹೇಳುತ್ತ ಅಂಗೈ ನೋಡಿಕೊಂಡಳು.

ನಾವು ಹಳ್ಳಕ್ಕೆ ಇಳಿದೆವು. ಮಡುವಿನ ನೀರು ತಿಳಿಯಾಗಿತ್ತು, ತಳದ ಕಲ್ಲುಗಳು ಕಾಣುತ್ತಿದ್ದವು. ನೋಡಿದರೆ ಕುಡಿಯಬೇಕು ಅನ್ನಿಸುವಂಥ ನೀರು. ಆದರೆ ಅದರ ಮೇಲೆ ಓಡಾಡುವ ನೀರುಹುಳ ಒಂದೂ ಇರಲಿಲ್ಲ. ಕಾಲ ಸಪ್ಪಳಕ್ಕೆ ಜಿಗಿಯುವ ಕಪ್ಪೆ ಇರಲಿಲ್ಲ. ನನ್ನ ಚಿಕ್ಕಂದಿನಲ್ಲಿ ಅಲ್ಲಿ ಕಾಲಿಟ್ಟರೆ ಸಣ್ಣ ಮೀನುಗಳು ಬಂದು ಹಿಮ್ಮಡಿ ಕಚ್ಚುತ್ತಿದ್ದವು. ಮಗಳು ಚಪ್ಪಲಿ ಕಳೆದು ಕಾಲಿಡಲು ಹೋದಾಗ ನಾನು ಕಿರುಚಿಬಿಟ್ಟೆ. ಆ ನಿಶ್ಶಬ್ದದಲ್ಲಿ ನನ್ನ ದನಿ ನನಗೇ ಬೇರೆ ಯಾರದೋ ಅನ್ನಿಸಿತು.

ಹಳ್ಳದ ಬದಿಯ ಬಾವಿಯ ನೀರನ್ನು ಊರವರು ಮುಟ್ಟುವುದನ್ನು ಬಿಟ್ಟಿದ್ದರು. ಹೆಂಗಸರು ದಿಬ್ಬದ ಮೇಲಿನ ಬೋರಿನಿಂದ ಕೊಡ ಹೊತ್ತು ತರುತ್ತಿದ್ದರು. ಎಮ್ಮೆಗಳನ್ನು ಕಟ್ಟಿಹಾಕಿದ್ದರು. ಯಾರಿಗಾದರೂ ತಲೆನೋವು ಬಂದರೂ ಊರೆಲ್ಲ ಪಿಸುಗುಡುತ್ತಿತ್ತು. ಮಾವಶಿ ಮಾತ್ರ, “ಒಂದ ದೊಡ್ಡ ಮಳಿ ಆಗಲಿ, ಎಲ್ಲಾ ತೊಳಕೊಂಡ ಹೋಗತೈತಿ, ಸಿಗಡಿ ಹಿಂದ ಬರತಾವ,” ಎಂದು ಧೈರ್ಯ ಹೇಳಿದಳು. ತೊಳೆದುಕೊಂಡು ಹೋಗುವುದೆಂದರೆ ಎಲ್ಲಿಗೆ, ಮಲಪ್ರಭೆಗಲ್ಲವೇ, ಅದರ ನೀರು ಎಷ್ಟು ಊರುಗಳ ಕೊಡ ತುಂಬುತ್ತದೆ ಎಂದು ನಾನು ಕೇಳಲಿಲ್ಲ. ಕೇಳುವ ಧೈರ್ಯ ಇರಲಿಲ್ಲ.

ಮಾವಶಿಯ ಮಾತು ಸುಳ್ಳಾಯಿತು. ಆ ವರ್ಷ ಮಳೆ ಚೆನ್ನಾಗಿಯೇ ಆಯಿತು, ಹಳ್ಳ ಕೆಂಪಾಗಿ ಉಕ್ಕಿ ಹರಿಯಿತು. ಕೂಳಿ ಇಟ್ಟರೆ ಎಲೆ, ಕಡ್ಡಿ, ಒಂದೆರಡು ಏಡಿ. ಸಿಗಡಿ ಒಂದೂ ಬರಲಿಲ್ಲ.

ನಾನು ಖಾನಾವಳಿಯನ್ನು ಮತ್ತೆ ತೆರೆದಾಗ ಜನ ಹಿಂಜರಿದರು. ಬಂದವರು ಅನ್ನ ಸಾರು ಉಂಡು ಹೋದರು. ಕೆಲವರು, ಸಿಗಡಿ ಬೇಕಾದರೆ ಸಮುದ್ರದ್ದು ತರಿಸಿ, ಸಮುದ್ರ ದೊಡ್ಡದು, ಅದಕ್ಕೆ ಯಾರೂ ವಿಷ ಹಾಕಲಾರರು ಎಂದರು. ನನಗೂ ಸರಿ ಅನ್ನಿಸಿತು. ಬೆಳಗಾವಿಯ ಕ್ಯಾಂಪ್ ಪ್ರದೇಶದ ಮೀನು ಮಾರ್ಕೆಟ್ಟಿಗೆ ಹೋದೆ. ಗೋವೆಯ ಕಡೆಯಿಂದ ಬಂದ ಮೀನು ಮಾರುವ ಹೆಂಗಸೊಬ್ಬಳು ನನಗೆ ಪರಿಚಯ. ಅವಳು ಐಸಿನ ಡಬ್ಬಿಯಿಂದ ಸಿಗಡಿ ತೆಗೆದು ತಕ್ಕಡಿಗೆ ಹಾಕುವಾಗ, ನಡುವೆ ಅಂಟಿಕೊಂಡಿದ್ದ ಏನನ್ನೋ ಹೆಕ್ಕಿ ಹೆಕ್ಕಿ ಕೆಳಗೆ ಒಗೆಯುತ್ತಿದ್ದಳು. ಬಾಗಿ ನೋಡಿದೆ. ಬೆರಳ ಉಗುರಿನಷ್ಟು ಏಡಿಮರಿಗಳು, ಹುಣಸೆ ಎಲೆಯಷ್ಟು ಮೀನಿನ ಮರಿಗಳು.

“ಇವು ಏನು?” ಎಂದೆ.

“ಜಾಳಗಿ ಬಲಿಯೊಳಗ ಕೂಡೇ ಬರತಾವ್ರಿ ಬಾಯಿ. ಸಿಗಡಿ ಇರೂದು ಸಮುದ್ರದ ತಳದಾಗ. ದೊಡ್ಡ ಬೋಟಿನವ್ರು ಜಾಳಗಿ ತಳಕ್ಕ ಬಿಟ್ಟು ಎಳದಕೋತ ಹೋಗ್ತಾರ. ಎದುರಿಗೆ ಬಂದಿದ್ದೆಲ್ಲಾ ಬರೂದ ಮತ್ತ. ಇವನ್ನ ಯಾರ ತಿಂತಾರು? ಹೊಳ್ಳಿ ಸಮುದ್ರಕ್ಕ ಒಗೀತಾರ, ಸತ್ತ ಮ್ಯಾಲ.”

“ಎಲ್ಲಾ ಸಿಗಡಿ ಹಂಗ ಹಿಡೀತಾರೇನು?”

“ಎಲ್ಲಾ ಅಲ್ರಿ. ದಂಡಿ ಮ್ಯಾಲ ನಿಂತು ಬೀಸು ಬಲಿ ಹಾಕವ್ರು ಅದಾರ. ಅವ್ರದು ಸ್ವಲ್ಪ ಬರತೈತಿ, ಮಾರ್ಕೆಟ್ಟಿಗೆ ಬರೂದರಾಗ ಕಲೀತೈತಿ. ಯಾವುದು ಯಾರದು ಅಂತ ನನಗೂ ಗೊತ್ತಾಗೂದಿಲ್ಲ. ಸುಳ್ಳ ಯಾಕ ಹೇಳ್ಲಿ?”

ಅವಳ ಕಾಲ ಬಳಿ ಬಿದ್ದಿದ್ದ ಆ ಸಣ್ಣ ರಾಶಿಯನ್ನು ನೋಡುತ್ತ ನಿಂತೆ. ಇಲ್ಲಿ ಯಾರೂ ಔಷಧಿ ಹಾಕಿರಲಿಲ್ಲ. ಆದರೂ ನನಗೆ ಆ ಮಡುವಿನ ದಂಡೆಯ ಮೇಲೆ ನಿಂತಾಗ ಆದಂಥದೇ ಹೆದರಿಕೆ ಆಯಿತು. ಹಳ್ಳವಾದರೆ ಬಗ್ಗಿ ನೋಡಬಹುದಿತ್ತು. ಏನೂ ಉಳಿದಿಲ್ಲ ಎಂದು ಕಣ್ಣಿಗೆ ಕಾಣುತ್ತಿತ್ತು. ಸಮುದ್ರದ ತಳವನ್ನು ಯಾರು ಬಗ್ಗಿ ನೋಡುತ್ತಾರೆ? ಅಲ್ಲಿ ನಿಶ್ಶಬ್ದವಾದರೆ ಯಾವ ಮಾವಶಿ ಫೋನು ಮಾಡುತ್ತಾಳೆ?

ಆ ದಿನ ಬರಿಗೈಲಿ ಬಂದೆ. ಸಿಗಡಿ ಪೂರ್ತಿ ಬಿಟ್ಟೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಮಾರ್ಕೆಟ್ಟಿನ ಆ ಹೆಂಗಸು ಬೀಸುಬಲೆಯವರಿಂದಲೇ ಬಂದದ್ದು ಎಂದು ಗಟ್ಟಿಯಾಗಿ ಹೇಳಿದ ದಿನ ಸ್ವಲ್ಪ ತರುತ್ತೇನೆ. ಮಳೆಗಾಲದಲ್ಲಿ ಬೋಟುಗಳು ಕಟ್ಟಿ ನಿಂತು ಸಮುದ್ರದ ಜೀವಗಳು ಮರಿ ಮಾಡುವ ದಿನಗಳಲ್ಲಿ ಮುಟ್ಟುವುದಿಲ್ಲ. ಸಾಕಿದ್ದು ತರಲು ಈಗಲೂ ಮನಸ್ಸು ಒಪ್ಪಿಲ್ಲ, ಅದರ ಬಗ್ಗೆ ನನಗೆ ತಿಳಿದಿರುವುದೂ ಮೊಬೈಲಿನಲ್ಲಿ ನೋಡಿದ್ದಷ್ಟೇ. ಹೊಳೆಯದ್ದು ಇಲ್ಲವೇ ಇಲ್ಲ.

ಕಾಕಾ ಸಾವಕಾಶವಾಗಿ ಮಗ್ಗಕ್ಕೆ ಮರಳಿದರು. ಬಹಳ ದಿನ ನನ್ನ ಕಡೆ ಬರಲಿಲ್ಲ. ಒಂದು ಮಧ್ಯಾಹ್ನ ಬಂದು ಬಾಗಿಲ ಹತ್ತಿರದ ಜಾಗದಲ್ಲಿ ಕುಳಿತರು. ಮೊದಲಿನ ಹಾಗೆ ಕೂಗಲಿಲ್ಲ. “ರೊಟ್ಟಿ ಪಲ್ಲೆ ಸಾಕವಾ,” ಎಂದರು. ಬಡಿಸಿದೆ. ಅವರು ತಾಟು ನೋಡುತ್ತ ಕುಳಿತೇ ಇದ್ದರು. ಕೈ ಮುಂದೆ ಬರಲಿಲ್ಲ. ನಾನು ಅವರ ಎದುರಿಗೆ ಕುಳಿತು, ಅವರ ತಾಟಿನಿಂದಲೇ ರೊಟ್ಟಿಯ ಒಂದು ತುಣುಕು ಮುರಿದು ಪಲ್ಲೆಯಲ್ಲಿ ಅದ್ದಿ ತಿಂದೆ. ಅವರ ಕಣ್ಣು ತುಂಬಿದವು. “ನಿನ್ನ ಮ್ಯಾಲ ಸಂಶೆ ಇಲ್ಲವಾ. ನನ್ನ ಕೈಯ ಕೇಳವಲ್ದು,” ಅಂದರು. ಈಗಲೂ ಅವರು ಬಂದಾಗ ಮೊದಲ ತುತ್ತು ನಾನೇ ತಿನ್ನುತ್ತೇನೆ.

ಮರುವರ್ಷದ ಬೇಸಿಗೆಯಲ್ಲಿ ಊರ ಹೆಂಗಸರು ಬಟ್ಟೆ ಒಗೆಯುವ ನೆವದಲ್ಲಿ ಸರದಿಯಂತೆ ಮಡುವಿನ ಹತ್ತಿರ ಇರತೊಡಗಿದರು. ಗುರುತಿಲ್ಲದವರು ಬಂದರೆ, ಎಲ್ಲಿಂದ ಬಂದಿರಿ, ಚೀಲದಲ್ಲಿ ಏನಿದೆ ಎಂದು ಕೇಳುತ್ತಿದ್ದರು. ಅದರ ಮುಂದಿನ ಮಳೆಗಾಲದಲ್ಲಿ ಮಾವಶಿಯ ಕೂಳಿಗೆ ಕೆಲವು ಸಿಗಡಿ ಬಿದ್ದವು. ಮೇಲಿನ ಕಾಡಿನ ಝರಿಗಳಲ್ಲಿ ಉಳಿದವು ಇಳಿದು ಬಂದಿರಬೇಕು. ಹೊಟ್ಟೆಯ ಕೆಳಗೆ ಮೊಟ್ಟೆಯ ಗೊಂಚಲು ಹಿಡಿದಿದ್ದವಂತೆ. “ನೋಡಿ ಬಿಟ್ನಿ,” ಅಂದಳು ಫೋನಿನಲ್ಲಿ. “ಈ ಸಲ ನೀರಾಗ ಬಿಟ್ರ ಒಳಗ ಹೋದ್ವು. ಹತ್ತಿ ಬರಲಿಲ್ಲ.” ಆ ಮಾತು ಕೇಳಿ ನಾನು ಒಲೆಯ ಮುಂದೆ ಕುಳಿತು ಅತ್ತೆ.

ಇತ್ತೀಚೆಗೆ ಗುರುತಿಲ್ಲದ ನಂಬರಿನಿಂದ ಒಬ್ಬರು ಫೋನು ಮಾಡಿದರು. ಕಾಡಿನ ಬದಿಗೆ ಹೊಸ ರಿಸಾರ್ಟು ಮಾಡಿದ್ದಾರಂತೆ. ಬಹಳ ಮರ್ಯಾದೆಯಿಂದ ಮಾತಾಡಿದರು.

“ನಿಮ್ಮ ಹೊಳಿ ಸಿಗಡಿ ಹೆಸರ ಕೇಳೇವ್ರಿ. ನಮ್ಮಲ್ಲಿ ಉಳಕೊಳ್ಳಾಕ ಬರೂ ಪಾವಣ್ಯಾರು ಸಾಕಿದ್ದು ತಿನ್ನೂದಿಲ್ಲ. ಅಗದಿ ನೈಸರ್ಗಿಕ ಬೇಕಂತಾರ. ವಾರಕ್ಕೊಮ್ಮೆ ಕೊಡಾಕ ಆಗ್ತೈತೇನ್ರಿ?”

“ಇಲ್ರಿ. ಹೊಳ್ಯಾಗ ಸಿಗಡಿ ಉಳದಿಲ್ಲ,” ಎಂದೆ. ಔಷಧಿ, ಮಡು, ದವಾಖಾನೆ, ಎಲ್ಲವನ್ನೂ ಹೇಳಿದೆ. ಅವರು ನಡುವೆ ಬಾಯಿ ಹಾಕದೆ ಕೇಳಿದರು. ಅಯ್ಯೋ ಪಾಪ ಎಂದರು.

“ಹಂಗಾರ ಬಿಡ್ರಿ,” ಅಂದರು ಕೊನೆಗೆ. “ಬ್ಯಾರೆ ಹಳ್ಳದಾಗ ನೋಡ್ತೇವಿ.”

ಯಾವ ಹಳ್ಳ ಎಂದು ಕೇಳುವಷ್ಟರಲ್ಲಿ ಫೋನು ಇಟ್ಟಿದ್ದರು. ತಿರುಗಿ ಹಚ್ಚಿದೆ, ಎತ್ತಲಿಲ್ಲ. ಖಾನಾಪುರದ ಕಾಡಿನಲ್ಲಿ ಎಷ್ಟು ಹಳ್ಳಗಳಿವೆ, ಯಾವ ಹಳ್ಳದ ಬಳಿ ಯಾವ ಊರಿದೆ, ಅಲ್ಲಿ ನನಗೆ ಗುರುತಿನವರು ಯಾರಿದ್ದಾರೆ ಎಂದು ಯೋಚಿಸುತ್ತ, ಒಬ್ಬೊಬ್ಬರಿಗೇ ಫೋನು ಮಾಡತೊಡಗಿದೆ.